ಹಳೇ ಕಾರಿಗೆ ಬೇರೆ ಇಂಜಿನ್: ಗುಜರಿಯದ್ದೋ, ಅಪಘಾತದ ಗಾಡಿಯದ್ದೋ, ನಮ್ಮದನ್ನೇ ಕಟ್ಟಿಸೋದೋ?

ದೇವಿಮನೆ ಘಟ್ಟದ ಅರ್ಧ ಹತ್ತಿದ್ದೆವು. ನಮ್ಮ ವ್ಯಾಗನ್ ಆರ್‌ನ ಬಾನೆಟ್ ಸಂದಿಯಿಂದ ಬಿಳಿ ಹಬೆ ಬರೋಕೆ ಶುರುವಾಯಿತು. ಕುಮಟಾದಿಂದ ಶಿರಸಿಗೆ ವಾಪಸ್ ಬರುತ್ತಿದ್ದ ದಿನ. ಹಿಂದಿನ ಸೀಟಿನಲ್ಲಿ ಅಮ್ಮ, ಡಿಕ್ಕಿಯಲ್ಲಿ ಎರಡು ಚೀಲ ತೆಂಗಿನಕಾಯಿ. ರೇಡಿಯೇಟರ್‌ನ ಮೇಲಿನ ಹೋಸ್ ಒಡೆದು ನೀರೆಲ್ಲ ಹೋಗಿತ್ತು. ಅಲ್ಲೇ ನಿಲ್ಲಿಸಬೇಕಿತ್ತು. ಮೇಲೆ ದೇವಸ್ಥಾನದ ಹತ್ತಿರ ಹೋದರೆ ನೀರು ಸಿಗುತ್ತದೆ ಅಂತ ಇನ್ನೂ ಎರಡು ಕಿಲೋಮೀಟರ್ ಓಡಿಸಿದೆ. ಆ ಎರಡು ಕಿಲೋಮೀಟರ್‌ನಲ್ಲಿ ಇಂಜಿನ್ ಹೋಯಿತು. ಹೆಡ್, ಅಂದರೆ ಇಂಜಿನ್‌ನ ಮೇಲ್ಭಾಗ, ಬಾಗಿತ್ತು. ಎರಡು ಸಿಲಿಂಡರ್‌ಗಳ ಬೋರಿನಲ್ಲಿ, ಅಂದರೆ ಪಿಸ್ಟನ್ ಓಡಾಡುವ ಒಳಗೋಡೆಯಲ್ಲಿ, ಗೀರು ಬಿದ್ದಿತ್ತು.

ಆಮೇಲೆ ಒಂದು ತಿಂಗಳಿಗಿಂತ ಜಾಸ್ತಿ ದಿನ ಇಂಜಿನ್ ಹುಡುಕಿದೆ. ಹುಬ್ಬಳ್ಳಿಗೆ ಎರಡು ಸಲ, ಕುಮಟಾಕ್ಕೆ ಮೂರು ಸಲ ಹೋದೆ. ಈಗ ಕಾರವಾರದಿಂದ, ಅಂಕೋಲಾದಿಂದ, ಸಿದ್ದಾಪುರದಿಂದ ಪರಿಚಯದವರು ಇದೇ ಪ್ರಶ್ನೆ ಕೇಳುತ್ತಾರೆ. "ಇಂಜಿನ್ ಹೋಗಿದೆ, ಮೆಕ್ಯಾನಿಕ್ ಒಂದು ಹೇಳ್ತಾನೆ, ಭಾವ ಇನ್ನೊಂದು ಹೇಳ್ತಾನೆ, ಏನು ಮಾಡಲಿ?" ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಪೂರ್ತಿ ಬರೆದಿಡೋಣ ಅನ್ನಿಸಿತು.

ಇಂಜಿನ್ ನಿಜವಾಗಿ ಹೋಗಿದೆಯಾ?

ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ. "ಇಂಜಿನ್ ಹೋಯ್ತು" ಅಂತ ಗ್ಯಾರೇಜಿನಲ್ಲಿ ಹೇಳಿದ್ದೆಲ್ಲ ಇಂಜಿನ್ ಹೋದದ್ದೇ ಆಗಿರುವುದಿಲ್ಲ. ಎಷ್ಟೋ ಸಲ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಅಡಿಯ ಸೀಲ್) ಮಾತ್ರ ಹೋಗಿರುತ್ತದೆ. ಹೆಡ್ಡನ್ನು ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸಿ (ಮೇಲ್ಮೈ ಸಮ ಮಾಡಿಸಿ), ಗ್ಯಾಸ್ಕೆಟ್ ಹಾಕಿಸಿದರೆ ಮುಗಿಯುತ್ತದೆ.

ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಿಲಿಂಡರ್ ಒಳಗೆ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯೋದು ಇದು. ಪ್ಲಗ್ ಎಲ್ಲ ಬಿಚ್ಚಿ, ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸುತ್ತಾರೆ. ಪೆಟ್ರೋಲ್ ಕಾರಿಗೆ ಪ್ರತಿ ಸಿಲಿಂಡರ್ 150 ಪಿಎಸ್‌ಐ ಮೇಲಿದ್ದರೆ ಒಳ್ಳೆಯದು. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ. 10ರ ಒಳಗಿರಬೇಕು. ಎಲ್ಲವೂ ಒಂದೇ ಸಮ ಸ್ವಲ್ಪ ಕಡಿಮೆ ಇದ್ದರೆ ಇನ್ನೂ ಓಡಿಸಬಹುದು. ಒಂದು ಮಾತ್ರ ಬಿದ್ದಿದ್ದರೆ ಅಲ್ಲಿ ಏನೋ ಆಗಿದೆ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಕಂಪ್ರೆಷನ್ ಏರಿದರೆ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಅಥವಾ ಬೋರು ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಎರಡನೆಯದಾದರೆ ಬೇರೆ ಇಂಜಿನ್ ಹುಡುಕುವ ಅಗತ್ಯವೇ ಇಲ್ಲ.

ಯಾವುದನ್ನು ಇಟ್ಟು ಅಳೆಯೋದು?

ಬೋರು, ರಿಂಗು, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ತನಕ ಹೋಗಿದೆ ಅಂತ ಖಾತ್ರಿಯಾದ ಮೇಲೆ ದಾರಿಗಳನ್ನು ಹೋಲಿಸಬೇಕು. ಹೆಚ್ಚಿನವರು ಬೆಲೆ ಒಂದನ್ನೇ ಇಟ್ಟು ಹೋಲಿಸುತ್ತಾರೆ. ನನ್ನ ಲೆಕ್ಕದಲ್ಲಿ ಬೆಲೆ ಬರೋದು ಕೊನೆಗೆ.

ಎಲ್ಲಕ್ಕಿಂತ ಮೊದಲು ಕಾರಿನ ಬಾಡಿ. ಇದು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬಹಳ ಮುಖ್ಯ. ಕಾರವಾರ, ಗೋಕರ್ಣ, ಹೊನ್ನಾವರದಲ್ಲಿ ಸಮುದ್ರದ ಉಪ್ಪು ಗಾಳಿ. ಘಟ್ಟದ ಮೇಲೆ ನಾಲ್ಕು ತಿಂಗಳು ಬಿಡದ ಮಳೆ, ಕೆಂಪು ಕೆಸರು. ಬಾಗಿಲ ಹತ್ತಿರ ತುಕ್ಕು ಕಂಡರೆ ಅದು ದೊಡ್ಡದಲ್ಲ. ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಜಾಕ್ ಕೊಡುವ ಜಾಗಕ್ಕೆ ಸ್ಕ್ರೂ ಡ್ರೈವರ್‌ನಿಂದ ಒತ್ತಿ ನೋಡಿ. ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರುವ ಜಾಗ, ಇಂಜಿನ್ ಮೌಂಟಿಂಗ್ ಬೋಲ್ಟ್ ಮಾಡಿರುವ ಜಾಗ ನೋಡಿ. ಸ್ಕ್ರೂ ಡ್ರೈವರ್ ಒಳಗೆ ಹೋದರೆ ಆ ಕಾರಿಗೆ ಇಂಜಿನ್ ಹಾಕಿಸಬೇಡಿ. ಮೀನು ಸಾಗಿಸಿದ ಓಮ್ನಿ, ಈಕೋ ಆದರೆ ಹಿಂದಿನ ಫ್ಲೋರ್ ಪೂರ್ತಿ ನೋಡಲೇಬೇಕು. ಮೀನಿನ ಡಬ್ಬಿಯಿಂದ ಇಳಿದ ಉಪ್ಪು ನೀರು ಮ್ಯಾಟ್ ಅಡಿಗೆ ನಿಂತು ತಗಡನ್ನು ಒಳಗಿಂದಲೇ ತಿನ್ನುತ್ತದೆ.

ಎರಡನೆಯದು ಇಂಜಿನ್‌ನ ಹಿಂದಿನ ಕತೆ. ಅದು ಎಲ್ಲಿ ಓಡಿತ್ತು, ಎಷ್ಟು ಓಡಿತ್ತು, ಯಾಕೆ ಗಾಡಿಯಿಂದ ಇಳಿಯಿತು? ಈ ಮೂರಕ್ಕೂ ಉತ್ತರ ಇರುವ ಇಂಜಿನ್‌ಗೆ ಐದು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಉತ್ತರ ಇಲ್ಲದ್ದನ್ನು ಅರ್ಧ ಬೆಲೆಗೆ ತಂದರೆ ಎರಡನೇ ಸಲ ಇಂಜಿನ್ ಇಳಿಸುವ ಕೂಲಿ ಸೇರಿ ಅದೇ ದುಬಾರಿ ಆಗುತ್ತದೆ. ನಾನು ಈ ಬರಹದಲ್ಲಿ ಹೇಳುವ ಹೆಚ್ಚಿನ ಮಾತೆಲ್ಲ ಇದರ ಸುತ್ತಲೇ ಇದೆ.

ಆಮೇಲೆ ಹೊಂದಾಣಿಕೆ, ಕಾಗದಪತ್ರ, ಹತ್ತಿರದಲ್ಲಿ ಕೆಲಸ ಮಾಡುವ ಕೈ, ನಿಮ್ಮ ಬಳಕೆ. ಇವನ್ನೆಲ್ಲ ಒಂದೊಂದು ದಾರಿಯ ಜೊತೆಗೇ ಹೇಳುತ್ತೇನೆ. ಹೊಂದಾಣಿಕೆಯ ವಿಷಯ ಮಾತ್ರ ಈಗಲೇ ಹೇಳಬೇಕು. ಹೆಚ್ಚು ಜನ ಎಡವೋದು ಅಲ್ಲೇ.

ಒಂದೇ ಹೆಸರು, ಬೇರೆ ಇಂಜಿನ್

ವ್ಯಾಗನ್ ಆರ್ ಅಂದ ಕೂಡಲೇ ಎಲ್ಲ ವ್ಯಾಗನ್ ಆರ್ ಇಂಜಿನ್ ಕೂರುತ್ತದೆ ಅಂದುಕೊಳ್ಳಬೇಡಿ. 2010ರವರೆಗೆ ಬಂದದ್ದು 1061 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್, ಟೈಮಿಂಗ್ ಬೆಲ್ಟ್‌ನದ್ದು. ಆಮೇಲೆ ಬಂದದ್ದು 998 ಸಿಸಿಯ ಮೂರು ಸಿಲಿಂಡರ್, ಚೈನಿನದ್ದು. ಎರಡಕ್ಕೂ ಸಂಬಂಧವೇ ಇಲ್ಲ. ಸ್ವಿಫ್ಟ್ ಪೆಟ್ರೋಲ್ ಕೂಡ ಹಾಗೇ. ಮೊದಲು 1298 ಸಿಸಿ, 2010ರ ನಂತರ 1197 ಸಿಸಿ.

ಅದೇ ಇನ್ನೊಂದು ಕಡೆ, ಬೇರೆ ಹೆಸರಿನ ಕಾರಿನಲ್ಲಿ ನಿಮ್ಮದೇ ಇಂಜಿನ್ ಸಿಗಬಹುದು. ಆ 1061 ಸಿಸಿ ಇಂಜಿನ್ ಮೊದಲ ಜೆನ್ ಎಸ್ಟಿಲೋದಲ್ಲೂ ಇತ್ತು, ಆಲ್ಟೋದ 1.1 ಮಾದರಿಯಲ್ಲೂ ಇತ್ತು. ಇದು ಗೊತ್ತಿದ್ದರೆ ಹುಡುಕುವ ಜಾಗ ದೊಡ್ಡದಾಗುತ್ತದೆ. ನಮಗೆ ಕೊನೆಗೆ ಕೈಹಿಡಿದದ್ದು ಇದೇ.

ಡೀಸೆಲ್‌ನಲ್ಲಿ 1248 ಸಿಸಿ ಇಂಜಿನ್ ಸ್ವಿಫ್ಟ್, ಡಿಸೈರ್, ರಿಟ್ಜ್‌ನಲ್ಲಿದೆ. ಫಿಯೆಟ್ ಪುಂಟೋ, ಲಿನಿಯಾದಲ್ಲಿದೆ. ಟಾಟಾ ವಿಸ್ಟಾ, ಮಾಂಜಾದಲ್ಲೂ ಇದೆ. ಮೂಲ ಫಿಯೆಟ್‌ನದ್ದು. ಹಾಗಂತ ಎತ್ತಿ ಇಟ್ಟರೆ ಓಡುವುದಿಲ್ಲ. ಸ್ವಿಫ್ಟ್‌ನದ್ದು 75 ಪಿಎಸ್, ಎರ್ಟಿಗಾದ್ದು 90 ಪಿಎಸ್, ಟರ್ಬೋನೇ ಬೇರೆ. ಒಂದು ಕಂಪನಿಯದ್ದನ್ನು ಇನ್ನೊಂದಕ್ಕೆ ಹಾಕುವಾಗ ಮೌಂಟಿಂಗ್, ವೈರಿಂಗ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಎಲ್ಲ ಬೇರೆ ಇರುತ್ತದೆ. ಬ್ಲಾಕ್ ಒಂದೇ ಆದರೂ ಹೊರಗಿನ ಸಾಮಾನು ನಿಮ್ಮ ಹಳೇ ಇಂಜಿನ್‌ನದ್ದೇ ಹಾಕಿಕೊಳ್ಳಬೇಕು. ಈ ಕೆಲಸ ಮೊದಲು ಮಾಡಿದ ಕೈ ಇಲ್ಲದಿದ್ದರೆ ಬೇಡ.

ಹುಡುಕಬೇಕಾದದ್ದು ಅದೇ ಇಂಜಿನ್ ಮಾದರಿ, ಹತ್ತಿರದ ವರ್ಷ, ಅದೇ ಬಿಎಸ್ (ಹೊಗೆ ಮಾಲಿನ್ಯದ ಮಿತಿ) ಮಟ್ಟ. ಬಿಎಸ್-3 ಕಾರಿಗೆ ಬಿಎಸ್-4 ಇಂಜಿನ್ ಹಾಕಿದರೆ ಸೆನ್ಸರ್ ಕೂಡದೆ ಚೆಕ್ ಇಂಜಿನ್ ಲೈಟ್ ಆರದೆ ಉಳಿಯಬಹುದು. ಇಸಿಯು, ವೈರಿಂಗ್ ಸುಮ್ನೆ ನಿಮ್ಮದೇ ಇರಲಿ.

ಗುಜರಿ ಇಂಜಿನ್

ಎಲ್ಲರ ತಲೆಗೆ ಮೊದಲು ಬರೋದು ಇದೇ, ಹಳೇ ಗಾಡಿ ಬಿಚ್ಚಿ ಮಾರುವ ಅಂಗಡಿಯ ಇಂಜಿನ್. ಶಿರಸಿಯವರಿಗೆ ಹುಬ್ಬಳ್ಳಿ ನೂರು ಕಿಲೋಮೀಟರ್, ಕಾರವಾರದವರು ಗೋವಾ ಕಡೆಗೂ ನೋಡುತ್ತಾರೆ. ಬೇಗ ಸಿಗುತ್ತದೆ. ಇಂಜಿನ್ ಒಳ್ಳೆಯದಾಗಿದ್ದರೆ ಮೂರು ದಿನದಲ್ಲಿ ಕಾರು ರಸ್ತೆಗೆ ಬರುತ್ತದೆ. ಇಷ್ಟು ಬೇಗ ಆಗುವ ದಾರಿ ಬೇರೆ ಇಲ್ಲ. ನಾನು ವಿಚಾರಿಸಿದಾಗ ನಮ್ಮ 1061 ಸಿಸಿಗೆ 18 ಸಾವಿರದಿಂದ 25 ಸಾವಿರದವರೆಗೆ ಹೇಳಿದರು.

ಹುಬ್ಬಳ್ಳಿಯಲ್ಲಿ ನಾನು ನೋಡಿದ ಮೊದಲ ಇಂಜಿನ್‌ನ ವಿಷಯ ಹೇಳುತ್ತೇನೆ. ಹಳೇ ಟಯರ್ ಮೇಲೆ ಕೂರಿಸಿಟ್ಟಿದ್ದರು. ಡೀಸೆಲ್ ಹಾಕಿ ತೊಳೆದು ಸಿಲ್ವರ್ ಪೇಂಟ್ ಹೊಡೆದಿದ್ದರು, ಹೊಸದರ ಹಾಗೆ ಹೊಳೆಯುತ್ತಿತ್ತು. ಆಯಿಲ್ ಕ್ಯಾಪ್ ತೆಗೆದರೆ ಒಳಗೂ ಚೊಕ್ಕ. ನನಗೆ ಇಷ್ಟವಾಗಿಬಿಟ್ಟಿತ್ತು. ನನ್ನ ಜೊತೆ ಬಂದಿದ್ದ ಮೆಕ್ಯಾನಿಕ್ ಏನೂ ಮಾತಾಡಲಿಲ್ಲ. ಥರ್ಮೋಸ್ಟಾಟ್ ಮುಚ್ಚಳದ ಎರಡು ಬೋಲ್ಟ್ ಬಿಚ್ಚಿದ, ಬೋಲ್ಟಿನ ತೂತಿಗೆ ಒಂದು ತಂತಿ ಹಾಕಿ ಕೆರೆದ. ತುದಿಗೆ ಬೂದು ಬಣ್ಣದ ನುಣ್ಣನೆ ಮಣ್ಣು ಬಂತು. ಬೆರಳಲ್ಲಿ ತಿಕ್ಕಿ ನನ್ನ ಅಂಗೈ ಮೇಲೆ ಸವರಿದ. ಆಮೇಲೆ ಟೈಮಿಂಗ್ ಬೆಲ್ಟ್‌ನ ಕವರ್ ಸಡಿಲ ಮಾಡಿ ತೋರಿಸಿದ. ಕೆಳಮೂಲೆಯಲ್ಲಿ ಅದೇ ಮಣ್ಣು ಪದರವಾಗಿ ಒಣಗಿ ಕೂತಿತ್ತು. "ಹೆಗಡೇರೇ, ಇದು ನೀರು ಕುಡಿದ ಇಂಜಿನ್ನು. ಬ್ಯಾಡ" ಅಂದ.

2019ರ ಆಗಸ್ಟ್‌ನಲ್ಲಿ ಬೆಳಗಾವಿ, ಸಾಂಗ್ಲಿ, ಕೊಲ್ಲಾಪುರದ ಕಡೆ ನೆರೆ ಬಂದಾಗ ಕಾರುಗಳು ದಿನಗಟ್ಟಲೆ ನೀರಲ್ಲಿ ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ನೆರೆ ಎಲ್ಲೇ ಬರಲಿ, ಆಮೇಲೆ ಆ ಕಾರುಗಳ ಬಿಡಿಭಾಗ ಎಲ್ಲ ಕಡೆ ಹರಿದು ಬರುತ್ತದೆ. ಇಂಜಿನ್ ಓಡುತ್ತಿದ್ದಾಗಲೇ ನೀರು ಒಳಗೆ ಹೋಗಿದ್ದರೆ ಕನೆಕ್ಟಿಂಗ್ ರಾಡ್ ಸ್ವಲ್ಪ ಬಾಗಿರಬಹುದು. ನೀರನ್ನು ಅದುಮಿ ಕುಗ್ಗಿಸಲು ಆಗುವುದಿಲ್ಲ. ಪಿಸ್ಟನ್ ಮೇಲೆ ಬರುವಾಗ ಆ ಒತ್ತಡವನ್ನು ರಾಡೇ ತಿನ್ನಬೇಕು. ಅಂಥ ಇಂಜಿನ್ ಸ್ಟಾರ್ಟ್ ಆಗುತ್ತದೆ, ಊರೊಳಗೆ ಓಡುತ್ತದೆ, ಘಟ್ಟದಲ್ಲಿ ಕೈಕೊಡುತ್ತದೆ.

ಎರಡನೇ ಅಂಗಡಿಯ ಇಂಜಿನ್ ಒಳಗಿಂದ ಚೆನ್ನಾಗಿತ್ತು. ಇಂಜಿನ್ ನಂಬರ್ ಇದ್ದ ಜಾಗಕ್ಕೆ ಸೀಮೆಎಣ್ಣೆ ಹಾಕಿ ಬ್ರಷ್‌ನಲ್ಲಿ ತಿಕ್ಕಿದಾಗ ಅರ ಹಾಕಿ ಕೆರೆದ ಗೆರೆ ಕಾಣಿಸಿತು. ಅಂಕಿಗಳ ಸಾಲೂ ಸೊಟ್ಟಗಿತ್ತು. ಬಿಲ್ ಕೇಳಿದರೆ "ಕೈಬರಹದ ಚೀಟಿ ಕೊಡ್ತೇವೆ" ಅಂದರು. ಬಿಟ್ಟು ಬಂದೆ. ಕದ್ದ ಗಾಡಿಯ ಇಂಜಿನ್ ಆಗಿದ್ದರೆ ಪೊಲೀಸರು ಬರೋದು ನಮ್ಮ ಮನೆಗೇ.

ಗುಜರಿಗೆ ಹೋಗುವುದಾದರೆ ಮೆಕ್ಯಾನಿಕ್‌ನ ಒಂದು ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ಕಂಪ್ರೆಷನ್ ಗೇಜ್, ಟಾರ್ಚ್, ಪ್ಲಗ್ ಸ್ಪ್ಯಾನರ್, ಒಂದು ಮ್ಯಾಗ್ನೆಟ್ ಜೊತೆಗಿರಲಿ. ಮೊಬೈಲಿಗೆ ಜೋಡಿಸುವ ಸಣ್ಣ ಕ್ಯಾಮೆರಾ ವೈರ್ ಸಿಕ್ಕರೆ ಇನ್ನೂ ಒಳ್ಳೆಯದು. ಪ್ಲಗ್ಗಿನ ತೂತಿನಿಂದ ಇಳಿಸಿ ಬೋರಿನ ಗೋಡೆ ನೋಡಬಹುದು. ಸಣ್ಣ ಅಡ್ಡ ಗೆರೆಗಳು ಇನ್ನೂ ಕಂಡರೆ ಬೋರು ಚೆನ್ನಾಗಿದೆ. ಮೇಲಿಂದ ಕೆಳಗೆ ಉದ್ದ ಗೀರು ಅಥವಾ ತುಕ್ಕಿನ ಉಂಗುರ ಕಂಡರೆ ಬೇಡ. ಗೇರ್‌ಬಾಕ್ಸ್ ಕೂಡಿಕೊಂಡೇ ಇದ್ದರೆ ಸ್ಟಾರ್ಟರ್, ಬ್ಯಾಟರಿ ಕೊಟ್ಟು ತಿರುಗಿಸಿ ಅಲ್ಲೇ ಕಂಪ್ರೆಷನ್ ನೋಡಬಹುದು. ಒಳ್ಳೆ ಮಾಲು ಇಟ್ಟವರು ಇದಕ್ಕೆ ಇಲ್ಲ ಅನ್ನುವುದಿಲ್ಲ. ಆಯಿಲ್ ಚೇಂಬರ್ ಬಿಚ್ಚಲು ಒಪ್ಪಿದರೆ ತಳದ ಆಯಿಲ್ಲನ್ನು ಬಿಳಿ ಕಾಗದಕ್ಕೆ ಸವರಿ. ಮ್ಯಾಗ್ನೆಟ್‌ಗೆ ಹತ್ತುವ ಚೂರು ಕಬ್ಬಿಣದ್ದು, ಹತ್ತದೆ ಹೊಳೆಯುವ ಚೂರು ಬೇರಿಂಗಿನದ್ದು. ಎರಡೂ ಕೆಟ್ಟದ್ದೇ.

ಆಯಿಲ್ ಕ್ಯಾಪ್ ಒಳಗೆ ಬಿಳಿ ನೊರೆ ಇದ್ದರೆ ನೀರು ಮಿಕ್ಸ್ ಆಗಿದೆ ಅನ್ನುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ, ದಿನಾ ಎರಡು-ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ, ಆವಿಯಿಂದಲೂ ಸ್ವಲ್ಪ ನೊರೆ ಕಟ್ಟುತ್ತದೆ. ಡಿಪ್‌ಸ್ಟಿಕ್ ಕೂಡ ನೋಡಿ. ಅಲ್ಲೂ ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ಮಾತ್ರ ಹೆದರಬೇಕು.

ವಾರಂಟಿ ಕೇಳುವಾಗ "ಎಷ್ಟು ದಿನ" ಅಂತ ಮಾತ್ರ ಕೇಳಬೇಡಿ. ಇಂಜಿನ್ ಕೆಟ್ಟದ್ದಾದರೆ ದುಡ್ಡು ವಾಪಸ್ಸೋ, ಬೇರೆ ಇಂಜಿನ್ನೋ? ಮತ್ತೆ ಇಳಿಸಿ ಏರಿಸುವ ಕೂಲಿ, ಸಾಗಣೆ ಯಾರದ್ದು? ನನಗೆ ಹೇಳಿದ್ದು 15 ದಿನದ ಚೆಕಿಂಗ್ ವಾರಂಟಿ, ಬೇರೆ ಇಂಜಿನ್ ಮಾತ್ರ, ಕೂಲಿ ನಮ್ಮದೇ. ಹುಬ್ಬಳ್ಳಿಯಲ್ಲೇ ಕೂರಿಸುವವರಿಗೆ ಇದು ಸಾಕು. ಕಾರು ಜೋಯಿಡಾದಲ್ಲೋ ಭಟ್ಕಳದಲ್ಲೋ ಇದ್ದರೆ ಅಷ್ಟು ದಿನ ಕೂರಿಸೋದರಲ್ಲೇ ಹೋಗುತ್ತದೆ.

ದೆಹಲಿಯಿಂದ ಬಂದ ಇಂಜಿನ್ ಅಂತಲೂ ಹೇಳುತ್ತಾರೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ತಂದದ್ದರಿಂದ ಚೆನ್ನಾಗಿ ಓಡುತ್ತಿದ್ದ ಕಾರುಗಳೂ ಬಿಚ್ಚಿಹೋದವು. ಹಾಗಾಗಿ ಮಾತಿನಲ್ಲಿ ಅರ್ಥವಿದೆ. ಆದರೆ ಈ ಇಂಜಿನ್ ಅಲ್ಲಿಂದಲೇ ಬಂತು ಅನ್ನೋದಕ್ಕೆ ಆ ಗಾಡಿಯ ಆರ್‌ಸಿ ಪ್ರತಿ ತೋರಿಸಬೇಕು. ಬಾಯಿಮಾತು ಸಾಲದು.

ಅಪಘಾತವಾದ ಗಾಡಿಯಿಂದ ನೇರ

ನನಗೆ ಅತಿ ಇಷ್ಟವಾದ ದಾರಿ ಇದು. ಹಿಂದಿನಿಂದ ಗುದ್ದಿಸಿಕೊಂಡ ಅಥವಾ ಪಲ್ಟಿಯಾದ ಕಾರಿನ ಇಂಜಿನ್ ಚೆನ್ನಾಗಿಯೇ ಇರುತ್ತದೆ. ಮುಂದಿನಿಂದ ಗುದ್ದಿದ್ದು ಬೇಡ. ರೇಡಿಯೇಟರ್ ಒಡೆದ ಮೇಲೂ ಓಡಿರಬಹುದು, ಮೌಂಟಿಂಗ್ ಕಿವಿ ಮುರಿದಿರಬಹುದು. ಪಲ್ಟಿಯಾದದ್ದಾದರೆ ಮಗುಚಿದ ಮೇಲೆ ಇಂಜಿನ್ ಆಫ್ ಆಯಿತಾ, ಓಡುತ್ತಲೇ ಇತ್ತಾ ಕೇಳಿ. ಮಗುಚಿದ ಗಾಡಿಯಲ್ಲಿ ಆಯಿಲ್ ಪಂಪಿಗೆ ಆಯಿಲ್ ಸಿಗುವುದಿಲ್ಲ.

ಇಲ್ಲಿ ಇಂಜಿನ್ ಗಾಡಿಯಲ್ಲೇ ಇರುವಾಗ ಸ್ಟಾರ್ಟ್ ಮಾಡಿ ನೋಡಬಹುದು, ಅದೇ ದೊಡ್ಡ ಲಾಭ. ಮೊದಲು ಕೈ ಇಟ್ಟು ತಣ್ಣಗಿದೆಯಾ ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಹೋಗಿ. ಸ್ಟಾರ್ಟ್ ಆದ ಕೂಡಲೇ ಒಂದು ಕ್ಷಣ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್, ಅದು ಸಣ್ಣ ಕೆಲಸ. ಬಿಸಿಯಾದ ಮೇಲೂ, ರೇಸ್ ಮಾಡಿದಾಗಲೂ ನೀಲಿ ಹೊಗೆ ಬಂದರೆ ರಿಂಗ್. ಆಯಿಲ್ ಕ್ಯಾಪ್ ತೆಗೆದು ಬಾಯಿಯ ಮೇಲೆ ಕೈ ಹಿಡಿಯಿರಿ. ಸಣ್ಣಗೆ ಗಾಳಿ ಬಡಿದರೆ ಸರಿ. ಫುಸ್ ಫುಸ್ ಅಂತ ಹೊಗೆ ಸಮೇತ ಒತ್ತಿದರೆ ಬ್ಯಾಕ್ ಕಂಪ್ರೆಷನ್ ಹೊಡೆಯುತ್ತಿದೆ, ಅಂದರೆ ಸವೆದ ರಿಂಗ್ ದಾಟಿ ಒತ್ತಡ ಕೆಳಗೆ ಸೋರುತ್ತಿದೆ.

ಮಾಲೀಕರನ್ನು ನೋಡಿ ಮಾತಾಡಬಹುದು, ಸರ್ವಿಸ್ ಪುಸ್ತಕ ಕೇಳಬಹುದು. ನಮಗೆ ಸಿಕ್ಕಿದ್ದು ಕುಮಟಾದ ಹತ್ತಿರದ ಒಂದು ಎಸ್ಟಿಲೋ. ನಿವೃತ್ತ ಮೇಷ್ಟ್ರ ಕಾರು. ಲಾರಿ ಹಿಂದಿನಿಂದ ಗುದ್ದಿ ಡಿಕ್ಕಿ ಸೀಟಿನ ತನಕ ಬಂದಿತ್ತು. ಅವರು ಪ್ರತಿ ಆಯಿಲ್ ಚೇಂಜಿನ ದಿನ, ಕಿಲೋಮೀಟರ್ ಎಲ್ಲ ಒಂದು ಹಳೇ ಡೈರಿಯಲ್ಲಿ ಬರೆದಿಟ್ಟಿದ್ದರು. 61 ಸಾವಿರ ಓಡಿತ್ತು. ಆ ಡೈರಿ ನೋಡಿದ ಮೇಲೆ ನಾನು ಚೌಕಾಶಿ ಮಾಡಲಿಲ್ಲ. ಇಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್ ಸೇರಿ 22 ಸಾವಿರ.

ತೊಂದರೆ ಅಂದರೆ ಕಾಯಬೇಕು. ಇಂಥ ಗಾಡಿ ಬೇಕಾದಾಗ ಸಿಗುವುದಿಲ್ಲ. ಟೋಯಿಂಗ್ ಗಾಡಿಯವರಿಗೆ, ಬಾಡಿ ಕೆಲಸದವರಿಗೆ, ಇನ್ಶೂರೆನ್ಸ್ ಸರ್ವೇಯರ್‌ಗಳಿಗೆ ಹೇಳಿಟ್ಟರೆ ಸುಳಿವು ಬರುತ್ತದೆ. ಇನ್ನೊಂದು, ಇಡೀ ಗಾಡಿಯನ್ನೇ ಕೊಂಡರೆ ಅದರ ಆರ್‌ಸಿಯ ಜವಾಬ್ದಾರಿಯೂ ಬರುತ್ತದೆ. ಮಾಲೀಕರಿಂದಲೇ ಆರ್‌ಸಿ ರದ್ದು ಮಾಡಿಸಿ, ಆ ಕಾಗದದ ಪ್ರತಿ ಇಟ್ಟುಕೊಳ್ಳಿ. ನಿಮ್ಮ ಇಂಜಿನ್‌ನ ಮೂಲಕ್ಕೆ ಅದಕ್ಕಿಂತ ಒಳ್ಳೆ ದಾಖಲೆ ಇಲ್ಲ.

ನಮ್ಮದನ್ನೇ ಬಿಚ್ಚಿ ಕಟ್ಟಿಸೋದು

ಫುಲ್ ಇಂಜಿನ್ ಕೆಲಸ ಅನ್ನುತ್ತಾರೆ. ಬೋರಿಂಗ್ ಮಾಡಿಸಿ 0.25 ಅಥವಾ 0.50 ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕೋದು, ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಬೇರಿಂಗ್, ವಾಲ್ವ್ ಸೀಟ್ ಕಟಿಂಗ್, ಆಯಿಲ್ ಪಂಪ್. ನಮಗೆ ಹೇಳಿದ ಅಂದಾಜು 38 ಸಾವಿರ, ಜೊತೆಗೆ "ಬಿಚ್ಚಿದ ಮೇಲೆ ಇನ್ನೇನು ಕಾಣ್ತದೋ ನೋಡ್ಬೇಕು" ಅನ್ನುವ ಮಾತು. ಎರಡರಿಂದ ಮೂರು ವಾರ ಬೇಕು.

ಇದರ ಬಲ ಎರಡು. ಇಂಜಿನ್‌ನ ಕತೆ ನಿಮಗೆ ಪೂರ್ತಿ ಗೊತ್ತು. ಬ್ಲಾಕ್ ಅದೇ ಉಳಿಯುವುದರಿಂದ ಇಂಜಿನ್ ನಂಬರ್ ಬದಲಾಗುವುದಿಲ್ಲ, ಆರ್‌ಟಿಒಗೆ ಹೋಗಬೇಕಾಗಿಲ್ಲ. ಆದರೆ ಎಲ್ಲವೂ ಲೇತಿನವರ ಮತ್ತು ಕಟ್ಟುವವರ ಕೈಮೇಲೆ ನಿಂತಿದೆ. ಬೋರು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆದರೂ ಆಯಿಲ್ ತಿನ್ನುವ ಇಂಜಿನ್ ಆಗುತ್ತದೆ. ನಿಮ್ಮ ಮೆಕ್ಯಾನಿಕ್ ಇದೇ ಇಂಜಿನ್‌ನ್ನು ಮೊದಲು ಕಟ್ಟಿದ್ದಾನಾ ಕೇಳಿ. ಆ ಕಾರು ಊರಲ್ಲೇ ಇದ್ದರೆ ಮಾಲೀಕರ ಹತ್ತಿರ ಹೋಗಿ ನೋಡಿ ಬನ್ನಿ.

ಬೊಲೆರೋ, ಕ್ವಾಲಿಸ್, ಹಳೇ ಸುಮೋ ಇದ್ದವರಿಗೆ ನಾನು ಬೇರೆ ಮಾತೇ ಹೇಳುವುದಿಲ್ಲ. ಕಟ್ಟಿಸಿ. ಈ ಇಂಜಿನ್‌ಗಳ ಕೆಲಸ ಗೊತ್ತಿರುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಸಾಮಾನು ಸಿಗುತ್ತದೆ. ಓಮ್ನಿಯ 796 ಸಿಸಿಯೂ ಹಾಗೇ. ಸಣ್ಣ ಇಂಜಿನ್, ಸಾಮಾನು ಅಗ್ಗ. ಕಾಮನ್ ರೈಲ್ (ಕಂಪ್ಯೂಟರ್ ಹೇಳಿದಂತೆ ಹೆಚ್ಚು ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ) ಡೀಸೆಲ್‌ನಲ್ಲಿ ಲೆಕ್ಕ ಬದಲಾಗುತ್ತದೆ. ಇಂಜೆಕ್ಟರ್, ಟರ್ಬೋ, ಹೈ ಪ್ರೆಷರ್ ಪಂಪ್ ಸೇರಿದರೆ ಖರ್ಚು ಎಲ್ಲಿಗೋ ಹೋಗುತ್ತದೆ. ಅಲ್ಲಿ ಒಳ್ಳೆ ಮೂಲದ ಸೆಕೆಂಡ್ ಹ್ಯಾಂಡ್ ಇಂಜಿನ್ ತಂದು, ನಿಮ್ಮ ಇಂಜೆಕ್ಟರ್ ಚೆನ್ನಾಗಿದ್ದರೆ ಅವನ್ನೇ ಉಳಿಸಿಕೊಳ್ಳೋದು ಜಾಣತನ. ಇಂಜೆಕ್ಟರ್ ಬದಲಿಸಿದರೆ ಅದರ ಕೋಡ್ ಇಸಿಯುಗೆ ಬರೆಸಬೇಕು. ಸ್ಕ್ಯಾನರ್ ಇದ್ದವರ ಹತ್ತಿರವೇ ಹೋಗಿ.

ಬೇರೆಯವರು ಕಟ್ಟಿಟ್ಟ ರೀಕಂಡೀಷನ್ ಇಂಜಿನ್ ಕೂಡ ಸಿಗುತ್ತದೆ. ಒಳಗೆ ಏನು ಹಾಕಿದ್ದಾರೆ ಅನ್ನುವ ಬಿಲ್ಲುಗಳು, ಕನಿಷ್ಠ ಆರು ತಿಂಗಳ ಬರಹದ ವಾರಂಟಿ ಎರಡೂ ಕೊಟ್ಟರೆ ಯೋಚಿಸಿ. ರಿಂಗ್ ಮಾತ್ರ ಬದಲಿಸಿ ಪೇಂಟ್ ಹೊಡೆದದ್ದಕ್ಕೂ ಅದೇ ಹೆಸರು ಹೇಳುತ್ತಾರೆ. ಕಂಪನಿಯ ಹೊಸ ಇಂಜಿನ್ 15 ವರ್ಷದ ಕಾರಿಗೆ ಲೆಕ್ಕಕ್ಕೇ ಬರುವುದಿಲ್ಲ, ಕಾರಿನ ಬೆಲೆಯನ್ನೇ ದಾಟುತ್ತದೆ.

ಪೂರ್ತಿ ಖರ್ಚು, ಮತ್ತು ಯಾರಿಗೆ ಯಾವುದು

ಇಂಜಿನ್‌ನ ಬೆಲೆಗೆ ಅಷ್ಟೇ ಮೊತ್ತ ಮತ್ತೆ ಸೇರಿಸಿ. ನಮಗೆ ಇಂಜಿನ್ 22 ಸಾವಿರವಾದರೆ, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ ಸೆಟ್, ಆಯಿಲ್ ಸೀಲ್‌ಗಳು, ಮೌಂಟಿಂಗ್, ಆಯಿಲ್, ಕೂಲೆಂಟ್‌ಗೆ 13 ಸಾವಿರ, ಕೂಲಿ 8 ಸಾವಿರ, ಸಾಗಣೆ 2 ಸಾವಿರ. ಒಟ್ಟು 45 ಸಾವಿರ. ಕ್ಲಚ್ ಇನ್ನೂ ಚೆನ್ನಾಗಿದೆ ಅಂತ ಉಳಿಸಲು ಹೋಗಬೇಡಿ. ಇಂಜಿನ್ ಹೊರಗಿರುವಾಗ ಪ್ಲೇಟ್‌ನ ಬೆಲೆ ಮಾತ್ರ. ಆಮೇಲೆ ಅದಕ್ಕಾಗಿ ಗೇರ್‌ಬಾಕ್ಸ್ ಇಳಿಸಿದರೆ ಕೂಲಿಯೂ ಬೇರೆ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಕೂಡ ಹಾಗೇ.

ಇದಕ್ಕೆ ಆರ್‌ಸಿಯ ವಯಸ್ಸನ್ನೂ ಸೇರಿಸಿ ನೋಡಿ. ಖಾಸಗಿ ಕಾರಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಅದರ ಶುಲ್ಕವೇ 5 ಸಾವಿರ ಆಯಿತು, ಹಸಿರು ತೆರಿಗೆ ಬೇರೆ. ನವೀಕರಣಕ್ಕೆ ಒಂದು ವರ್ಷ ಉಳಿದಿರುವ, ಬಾಡಿ ಸೋತಿರುವ ಕಾರಿಗೆ 45 ಸಾವಿರ ಹಾಕೋದು ತಪ್ಪು. ಅದನ್ನು ಹಾಗೇ ಮಾರಿ, ಆ ದುಡ್ಡನ್ನು ಮುಂದಿನ ಕಾರಿಗೆ ಇಡಿ.

ತಿಂಗಳಿಗೆ ಮುನ್ನೂರು ಕಿಲೋಮೀಟರ್ ಓಡಿಸುವ ಮನೆ, ಆಸ್ಪತ್ರೆಗೆ, ಮದುವೆ ಮುಂಜಿಗೆ ಅಂತ ಇಟ್ಟ ಕಾರು, ಇನ್ನು ಎರಡು ಮೂರು ವರ್ಷ ಸಾಕು ಅನ್ನುವವರಿಗೆ ಕಂಪ್ರೆಷನ್ ಅಳೆದು, ಬಿಲ್ ಸಮೇತ ತಂದ ಗುಜರಿ ಇಂಜಿನ್ ಸಾಕು. ದಿನಾ ಅರಬೈಲ್ ಘಟ್ಟವೋ ಗೇರುಸೊಪ್ಪೆ ಘಟ್ಟವೋ ಹತ್ತುವವರು, ಅಡಿಕೆ ಚೀಲ ಹೇರುವವರು ಕಟ್ಟಿಸಿದ ಇಂಜಿನ್‌ಗೇ ಹೋಗಿ. ಸವೆದ ಇಂಜಿನ್ ಊರೊಳಗೆ ಗೊತ್ತಾಗುವುದಿಲ್ಲ, ಎರಡನೇ ಗೇರಿನಲ್ಲಿ ಇಪ್ಪತ್ತು ನಿಮಿಷ ಏರುವಾಗ ಗೊತ್ತಾಗುತ್ತದೆ. ಬಾಡಿಗೆ ಗಾಡಿಯವರಿಗೆ ನಿಂತ ಪ್ರತಿ ದಿನವೂ ನಷ್ಟ. ಅವರು ಗುಜರಿ ಇಂಜಿನ್ ಬೇಗ ಕೂರಿಸಿ, ತಮ್ಮ ಹಳೇ ಇಂಜಿನ್‌ನ್ನು ನಿಧಾನಕ್ಕೆ ಕಟ್ಟಿಸಿಟ್ಟುಕೊಳ್ಳಬಹುದು. ಕಾಯಲು ಆಗುವವರು, ಮನೆಯಲ್ಲಿ ಬೈಕೋ ಇನ್ನೊಂದು ಗಾಡಿಯೋ ಇರುವವರು ಅಪಘಾತದ ಗಾಡಿ ಹುಡುಕಿ.

ಕಾಗದದ ಕೆಲಸ

ಇಂಜಿನ್ ಬದಲಾದರೆ ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದಲಾಗಲೇಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಇದರ ಬಗ್ಗೆಯೇ ಇದೆ. ಇಂಜಿನ್ ಕೂರಿಸಿದ ಮೇಲೆ ಆರ್‌ಟಿಒಗೆ ಓಡುವ ಬದಲು, ಮೊದಲೇ ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಅನುಮತಿ ಕೇಳಿ, ಯಾವ ಕಾಗದ ಬೇಕು ಬರೆದುಕೊಂಡು ಬನ್ನಿ. ಕಾರವಾರ, ಶಿರಸಿ, ಹೊನ್ನಾವರ, ದಾಂಡೇಲಿ, ನಾಲ್ಕೂ ಕಡೆ ಕಚೇರಿ ಇದೆ. ಇಂಜಿನ್ ನಂಬರ್ ಬರೆದ ಬಿಲ್, ಮೂಲ ಗಾಡಿಯ ಆರ್‌ಸಿ ಅಥವಾ ರದ್ದತಿಯ ಪ್ರತಿ ಕೈಯಲ್ಲಿರಲಿ. ಆರ್‌ಸಿ ತಿದ್ದಿದ ಮೇಲೆ ಇನ್ಶೂರೆನ್ಸ್ ಪಾಲಿಸಿಯಲ್ಲೂ ತಿದ್ದಿಸಿ. ನಂಬರ್ ಹೊಂದದಿದ್ದರೆ ಕ್ಲೈಮಿನ ದಿನ ತಕರಾರು ಬರುತ್ತದೆ, ಮುಂದಿನ ಎಫ್‌ಸಿಯಲ್ಲೂ (ಫಿಟ್‌ನೆಸ್ ಪರೀಕ್ಷೆ) ಬರುತ್ತದೆ.

ಇಂಜಿನ್ ಕೂರಿಸಿದ ಮೇಲೆ ಮೊದಲ ವಾರ ದಿನಾ ಬೆಳಿಗ್ಗೆ ಆಯಿಲ್, ಕೂಲೆಂಟ್ ಮಟ್ಟ ನೋಡಿ. ಮೊದಲ ಐನೂರು ಕಿಲೋಮೀಟರ್ ಆದಾಗ ಒಂದು ಸಲ ಆಯಿಲ್, ಫಿಲ್ಟರ್ ಬದಲಿಸಿ. ಅಲ್ಲಿಯತನಕ ಘಟ್ಟ ಬೇಡ. ಫ್ಯಾನ್ ತಾನಾಗಿ ಆನ್ ಆಗುತ್ತದಾ, ನಿಂತಲ್ಲೇ ಇಪ್ಪತ್ತು ನಿಮಿಷ ಓಡಿಸಿ ನೋಡಿ.

ರೇಡಿಯೇಟರ್ ಹೋಸ್‌ಗಳನ್ನೂ ಪೆಟ್ರೋಲ್ ಪೈಪುಗಳನ್ನೂ ಅದೇ ದಿನ ಹೊಸದು ಹಾಕಿಸಿ. ನಮ್ಮ ಹಳೇ ಹೋಸನ್ನು ಮೆಕ್ಯಾನಿಕ್ ಆಮೇಲೆ ನನ್ನ ಕೈಗೆ ಕೊಟ್ಟಿದ್ದ. ಹೊರಗೆ ಏನೂ ಆಗಿರಲಿಲ್ಲ. ಕ್ಲಿಪ್ಪಿನ ಹತ್ತಿರ ಹೆಬ್ಬೆರಳಲ್ಲಿ ಒತ್ತಿದೆ. ಒಣಗಿದ ಅಡಿಕೆ ಹಾಳೆಯ ಹಾಗೆ ಕರಕರ ಅಂತ ಒಳಗಿಂದ ಬಿರುಕು ಬಿಟ್ಟಿತು. ಹೊಸದಕ್ಕೆ ಕೊಟ್ಟದ್ದು 280 ರೂಪಾಯಿ.